ಮೆಣಸಿನಕಾಯಿ ಕಣದ ಕಬ್ಬಿಣದ ಗುಂಡು

ನಾನು ಒಂದು ಕಬ್ಬಿಣದ ಗುಂಡು. ಬಂದೂಕಿನ ಗುಂಡಲ್ಲ, ಅವು ನನ್ನ ಮುಂದೆ ಸಾಸಿವೆ ಕಾಳು. ನಾನು ಆಟದ ಮೈದಾನದವನು. ಹೆಣ್ಣುಮಕ್ಕಳು ಕುತ್ತಿಗೆಗೆ ಒತ್ತಿಕೊಂಡು ದೂರಕ್ಕೆ ನೂಕುವ ನಾಲ್ಕು ಕಿಲೋದ ಗುಂಡು. ಆಕಾರದಲ್ಲಿ ನನಗೂ ಭೂಮಿಗೂ ಏನೂ ವ್ಯತ್ಯಾಸವಿಲ್ಲ. ಗಾತ್ರದಲ್ಲಿ ಮಾತ್ರ ಭೂಮಿ ಸ್ವಲ್ಪ ದೊಡ್ಡದು, ಅದೂ ಅದು ನನಗಿಂತ ಮೊದಲು ಹುಟ್ಟಿದ್ದರಿಂದ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ. ಅಂದು ಕರಗಿದ ಕಬ್ಬಿಣದಲ್ಲಿ ನನ್ನ ಒಡಹುಟ್ಟಿದವರು ಬಹಳ ಮಂದಿ ಇದ್ದರು. ಒಬ್ಬ ಪಂಪಿನ ಹೊಟ್ಟೆಯಾದ, ಒಬ್ಬ ಚರಂಡಿಯ ಮುಚ್ಚಳವಾದ, ಮತ್ತೊಬ್ಬ ತೂಕದ ಕಲ್ಲಾಗಿ ಯಾವುದೋ ಕಾಳಿನ ಅಂಗಡಿಯಲ್ಲಿ ಕೂತ. ಹಾರುವ ಯೋಗ ಬಂದಿದ್ದು ನನ್ನೊಬ್ಬನಿಗೆ. ನನ್ನನ್ನು ಅಚ್ಚಿನಿಂದ ಹೊರತೆಗೆದಾಗ ಕಾರ್ಖಾನೆಯ ಯಂತ್ರಗಳೆಲ್ಲ ಗೌರವದಿಂದ ನಿಂತುಬಿಟ್ಟವು. ಕರೆಂಟು ಹೋಗಿತ್ತು ಎಂದು ಕೆಲವರು ಹೇಳುತ್ತಾರೆ. ಹೇಳಲಿ.

ಅಲ್ಲಿಂದ ಹಾವೇರಿ ಕಡೆಯ ಒಂದು ಹೈಸ್ಕೂಲಿಗೆ ಬಂದೆ. ಆಟ ಕಲಿಸುವ ಕಟ್ಟೀಮನಿ ಮಾಸ್ತರು ನನ್ನನ್ನು ಹುಡುಗಿಯರ ಕೈಗೆ ಕೊಟ್ಟರು. ಎಲ್ಲರೂ ಎರಡೂ ಕೈಯಲ್ಲಿ ಎತ್ತಿ, ಕಿಸಕ್ಕನೆ ನಕ್ಕು, ಕಾಲ ಬುಡದಲ್ಲೇ ಇಳಿಸಿ ಹೋದರು. ಒಂಬತ್ತನೇ ತರಗತಿಯ ಶಿವಲೀಲಾ ಮಾತ್ರ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಸರ್, ಇದರೊಳಗ ಏನೈತ್ರಿ?"

"ಕಬ್ಬಿಣ."

"ಪೂರಾ?"

"ಪೂರಾ ಅಂದ್ರ ಪೂರಾ. ಒಗಿಯವಾ ಸುಮ್ನ."

ಅವಳು ನೂಕಿದಳು. ನಾನು ನೇರ ಮಾಸ್ತರ ಕಾಲಿನತ್ತ ಹೋದೆ. ಅವರು ಹಾರಿದ ಹಾರಿಕೆಗೆ ಅಂದು ಅಳತೆಪಟ್ಟಿ ಹಿಡಿದಿದ್ದರೆ ಉದ್ದಜಿಗಿತದಲ್ಲಿ ಜಿಲ್ಲೆಗೇ ಮೊದಲ ಬಹುಮಾನ ಅವರದ್ದಾಗುತ್ತಿತ್ತು. ಅಂದಿನಿಂದ ಶಿವಲೀಲಾಳನ್ನು ಮಾಸ್ತರು ಮರೆಯಲಿಲ್ಲ.

ನನಗೆ ಮಾತ್ರ ಒಂದು ಕುತೂಹಲ ಹತ್ತಿಕೊಂಡಿತು. ಈ ಹುಡುಗಿ ನನ್ನನ್ನು ಇಷ್ಟು ಅಕ್ಕರೆಯಿಂದ ಕುತ್ತಿಗೆಗೆ ಒತ್ತಿಕೊಳ್ಳುತ್ತಾಳೆ. ಮರುಕ್ಷಣವೇ ಸಿಟ್ಟು ಬಂದವರಂತೆ ದೂರ ನೂಕುತ್ತಾಳೆ. ಆಮೇಲೆ ತಾನೇ ಬಂದು, ಮಣ್ಣು ಒರೆಸಿ, ಎತ್ತಿಕೊಳ್ಳುತ್ತಾಳೆ. ಬೇಡವಾದರೆ ಎತ್ತಿಕೊಳ್ಳುವುದೇಕೆ? ಬೇಕಾದರೆ ನೂಕುವುದೇಕೆ? ನಾನು ಬಹಳ ಯೋಚಿಸುವವನು. ಆದರೂ ಇದನ್ನು ಬಿಡಿಸಲಾಗಲಿಲ್ಲ.

ಅವಳ ಕೈಯಲ್ಲಿ ಬಿದ್ದೂ ಬಿದ್ದೂ ನನ್ನ ಮೈ ಸವೆಯಿತು. ಒಂದು ಕ್ರೀಡಾಕೂಟದಲ್ಲಿ ತಕ್ಕಡಿಗೆ ಹಾಕಿ, ತೂಕ ಕಡಿಮೆಯಾಗಿದೆ ಎಂದು ಪಕ್ಕಕ್ಕೆ ಇಟ್ಟರು. ತಕ್ಕಡಿ ಸರಿ ಇರಲಿಲ್ಲ. ಶಿವಲೀಲಾ ಆಟದ ಶಿಕ್ಷಕಿಯಾಗುವ ಓದು, ಬಿ.ಪಿ.ಎಡ್., ಮುಗಿಸಿ ಪೇಢೆ ಕೊಡಲು ಶಾಲೆಗೆ ಬಂದಾಗ, ಮಾಸ್ತರು ನನ್ನನ್ನು ಅವಳ ಚೀಲಕ್ಕೆ ಹಾಕಿದರು.

"ಇಲ್ಲಿ ಇದನ್ನ ಯಾರೂ ಕೇಳೂದಿಲ್ಲವಾ. ನೀ ಒಯ್ಯಿ. ಕೈ ಆಡಸ್ತಿರು."

ಸ್ವಲ್ಪ ದಿನದಲ್ಲಿ ಅವಳ ಮದುವೆಯಾಯಿತು. ನಾನು ಸೀರೆಗಳ ನಡುವೆ ಟ್ರಂಕಿನಲ್ಲಿ ಕೂತು ಬ್ಯಾಡಗಿಗೆ ಹೊರಟೆ. ಟ್ರಂಕು ಎತ್ತಿದ ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಬಂಗಾರ ಬರುತ್ತದೆಂದು ಯಾರೂ ಹೇಳಿರಲಿಲ್ಲವಲ್ಲ ಎಂಬ ಬೆರಗು. ಟ್ರಂಕು ತೆರೆದವಳು ಅತ್ತೆ ಗಂಗವ್ವ.

"ಇದೇನ ಬೇ ಇದು?"

"ಗುಂಡ್ರಿ ಅತ್ತಿ. ಒಗಿಯೂದು."

"ಯಾರ ಮ್ಯಾಲೆ?"

ಗಂಡ ಮೈಲಾರಿ ಬಾಗಿಲ ಹಿಂದೆ ನಿಂತು ನಕ್ಕಿದ್ದು ನನಗೆ ಕೇಳಿಸಿತು. ಆಗಲೇ ಅವನು ನನಗೆ ಹಿಡಿಸಿದ. ಅವನು ಮೂರು ಚಕ್ರದ ಟಂಟಂ ಗಾಡಿಯಲ್ಲಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಗಿಸುವವನು. ಹತ್ತನೇ ತರಗತಿಗೆ ಓದು ಬಿಟ್ಟಿದ್ದ. ಹೆಂಡತಿ ಎಂ.ಪಿ.ಎಡ್. ಓದಿ ಕಾಲೇಜಿನಲ್ಲಿ ಆಟ ಕಲಿಸುವ ಮೇಡಂ ಆಗಬೇಕು ಎಂಬುದು ಅವಳಿಗಿಂತ ಅವನ ಬಾಯಲ್ಲೇ ಹೆಚ್ಚು ಓಡಾಡುತ್ತಿತ್ತು. ಅವಳು ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದಳು. ಇವತ್ತು ಬನ್ನಿ, ನಾಳೆ ಬೇಡ ಎನ್ನುವಂಥ ಕೆಲಸ. ಎಂ.ಪಿ.ಎಡ್. ಸೀಟು ಸಿಗಬೇಕಾದರೆ ವಿಶ್ವವಿದ್ಯಾಲಯದ ಮೈದಾನದಲ್ಲಿ ಪರೀಕ್ಷೆ ಕೊಡಬೇಕು: ಓಡಬೇಕು, ಜಿಗಿಯಬೇಕು, ಗುಂಡು ಎಸೆಯಬೇಕು. ಓಟ ಜಿಗಿತಗಳಲ್ಲಿ ಅವಳು ಎಲ್ಲರಂತೆ. ಮೇಲೆ ಬರಬೇಕಾದರೆ ಗುಂಡಿನಲ್ಲೇ ಬರಬೇಕು. ಅಂದರೆ ಆ ಸಂಸಾರದ ಮುಂದಿನ ಬದುಕು ನಿಂತಿದ್ದು ನನ್ನ ಮೇಲೆ.

ಅಷ್ಟರಲ್ಲಿ ಅಕ್ಕು ಹುಟ್ಟಿದಳು. ಅಕ್ಷತಾ ಎಂದು ಹೆಸರು, ಕರೆಯುವುದು ಅಕ್ಕು. ಓದಿನ ಮಾತು ಸ್ವಲ್ಪ ಕಾಲ ಅಟ್ಟ ಹತ್ತಿತು. ನಾನು ಅಡುಗೆಮನೆ ಸೇರಿದೆ. ಗಂಗವ್ವ ನನ್ನಿಂದ ಒಣಶುಂಠಿ ಜಜ್ಜಿದಳು, ಬೆಲ್ಲ ಒಡೆದಳು, ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ ನನ್ನನ್ನು ಕಾವಲು ಇಟ್ಟಳು. ಬೇರೆಯವರಾಗಿದ್ದರೆ ಕುಗ್ಗಿ ಹೋಗುತ್ತಿದ್ದರು. ನಾನು ಆ ಬಾಗಿಲನ್ನು ಎಂಥ ಬಿರುಗಾಳಿಗೂ ಅಲುಗಾಡಲು ಬಿಡಲಿಲ್ಲ. ಊರಿನ ಅರ್ಧ ಹೆಂಚು ಹಾರಿದ ದಿನವೂ ನಮ್ಮ ಬಾಗಿಲು ನಿಂತಿತ್ತು.

ಅಕ್ಕು ನಡೆಯಲು ಕಲಿತ ಮೇಲೆ ಮೈಲಾರಿ ನನ್ನನ್ನು ಬಾಗಿಲಿನಿಂದ ಬಿಡಿಸಿದ.

"ಲೀಲಾ, ಕಣ ಖಾಲಿ ಆಗೇತಿ. ನಡಿ."

ಸುಗ್ಗಿ ಮುಗಿದಿತ್ತು. ಮೆಣಸಿನಕಾಯಿ ಒಣಗಿಸುವ ದೊಡ್ಡ ಕಣ ಬರಿದಾಗಿತ್ತು. ಬೆಳಿಗ್ಗೆ ಬಾಡಿಗೆ ಹಿಡಿಯುವ ಮೊದಲು ಮೈಲಾರಿ ಹೆಂಡತಿ, ಮಗಳು, ನಾನು, ಮೂವರನ್ನೂ ಟಂಟಂನಲ್ಲಿ ಕೂರಿಸಿಕೊಂಡು ಅಲ್ಲಿಗೆ ಬರುತ್ತಿದ್ದ. ಸುಣ್ಣದಲ್ಲಿ ವೃತ್ತ ಬರೆಯುತ್ತಿದ್ದ. ಆ ಕಣದ ಮಣ್ಣಿನಲ್ಲಿ ಹಳೆಯ ಖಾರ ಇನ್ನೂ ಇತ್ತು. ನಾನು ಉರುಳಿ ಎದ್ದರೆ ಮೈಯೆಲ್ಲ ಕೆಂಪು. ಮತ್ತೆ ಕುತ್ತಿಗೆಗೆ ಒತ್ತಿಕೊಂಡಾಗ ಅವಳ ಚರ್ಮ ಉರಿಯುತ್ತಿತ್ತು, ಸೀನು ಬರುತ್ತಿತ್ತು. ಒಮ್ಮೆ ಅವಳು ಸೀನಿದ ರಭಸಕ್ಕೇ ನಾನು ಕಣದ ಅರ್ಧ ದಾಟಿದ್ದೇನೆ.

ಮೈಲಾರಿ ಮಗಳ ಕೈಹಿಡಿದು, ನಾನು ಬೀಳುವ ಕಡೆ ಪಕ್ಕದಲ್ಲಿ ನಿಲ್ಲುತ್ತಿದ್ದ. ಎಷ್ಟು ದೂರ ಬಂತೆಂದು ಕಣ್ಣಾರೆ ನೋಡಬೇಕು ಅವನಿಗೆ. ಆದರೆ ಅಕ್ಕುವಿನ ಕೈ ಹಿಡಿಯುವುದೆಂದರೆ ಮೀನು ಹಿಡಿದಂತೆ. ನಾನು ನೆಲಕ್ಕೆ ಬಿದ್ದ ಸದ್ದು ಕೇಳಿದರೆ ಸಾಕು, ಜಾರಿಕೊಂಡು ನನ್ನತ್ತ ತಟತಟ ಓಡಿಬರುತ್ತಿದ್ದಳು. ನಾನಿನ್ನೂ ಉರುಳುತ್ತಿರುತ್ತಿದ್ದೆ. ಆ ಪುಟ್ಟ ಪಾದ, ಈ ನಾಲ್ಕು ಕಿಲೋ. ಶಿವಲೀಲಾ ನನ್ನನ್ನು ಬಿಟ್ಟ ಉಸಿರಿನಲ್ಲೇ ವೃತ್ತ ದಾಟಿ ಓಡಿಬಂದು ಮಗಳನ್ನು ಎತ್ತಿಕೊಳ್ಳುತ್ತಿದ್ದಳು. ದಿನವೂ ಅವರಿಬ್ಬರ ಪಂದ್ಯ. ದಿನವೂ ತಾಯಿಯೇ ಗೆಲ್ಲುತ್ತಿದ್ದಳು.

ಪರೀಕ್ಷೆಯ ದಿನ ನನ್ನನ್ನೂ ಚೀಲದಲ್ಲಿ ಹಾಕಿಕೊಂಡು ಹೋದರು. ಅಲ್ಲಿ ಅವರದೇ ಗುಂಡು ಬಳಸಬೇಕಂತೆ. ನನ್ನನ್ನು ಕಂಡು ಹೆದರಿರಬೇಕು. ನಾನು ಚೀಲದ ಹರಕಿನಿಂದ ನೋಡಿದೆ. ಶಿವಲೀಲಾ ಮೊದಲ ಸಲ ನೂಕಿದಾಗ ಗುಂಡು ಉಳಿದವರದ್ದಕ್ಕಿಂತ ದೂರ ಹೋಗಿ ಬಿತ್ತು. ಮೈಲಾರಿ ಆ ಬದಿಯಲ್ಲೇ ಅಕ್ಕುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಶಿವಲೀಲಾ ಎರಡು ಹೆಜ್ಜೆ ಮುಂದೆ ಓಡಿದಳು. ಕೆಂಪು ಬಾವುಟ ಏರಿತು.

ಗುಂಡು ಬಿಟ್ಟ ಮೇಲೆ ಮುಂದಿನ ಗೆರೆ ದಾಟಬಾರದು. ವೃತ್ತದ ಹಿಂಭಾಗದಿಂದಲೇ ಹೊರಗೆ ಬರಬೇಕು. ದಾಟಿದರೆ ಕೆಂಪು ಬಾವುಟ, ಎಸೆತ ಲೆಕ್ಕಕ್ಕಿಲ್ಲ; ದಾಟದಿದ್ದರೆ ಬಿಳಿ. ಅದು ಆಟದ ಮೊದಲ ಪಾಠ. ಎರಡನೇ ಸಲವೂ ಕಾಲು ಮುಂದೆ ಹೋಯಿತು, ಕೆಂಪು ಬಾವುಟ ಏರಿತು. ಮೂರನೆಯ, ಕಡೆಯ ಸಲ ಅವಳು ಕಾಲನ್ನು ಬಿಗಿದುಕೊಂಡಳು. ಕಾಲಿನ ಜೊತೆ ಕೈಯೂ ಬಿಗಿಯಿತು. ಗುಂಡು ಸೋತ ಕಪ್ಪೆಯಂತೆ ಹತ್ತಿರದಲ್ಲೇ ಬಿತ್ತು. ಸೀಟು ಹೋಯಿತು.

ಮನೆಗೆ ಬಂದ ಮೇಲೆ ಮೈಲಾರಿ ಬಾಯಿಬಿಟ್ಟ.

"ಗೆರಿ ದಾಟಬಾರದಂತ ನನಗ ಗೊತ್ತೈತಿ. ಬಿ.ಪಿ.ಎಡ್. ಮಾಡಿದಾಕಿಗೆ ಗೊತ್ತಿಲ್ಲೇನು?"

"ನನಗ ಗೊತ್ತೈತ್ರಿ. ನನ್ನ ಕಾಲಿಗೆ ಗೊತ್ತಿಲ್ಲ."

"ಕಾಲು ಬ್ಯಾರೆ, ನೀ ಬ್ಯಾರೆ ಏನು?"

ಅವಳು ರೊಟ್ಟಿ ಬಡಿಯಲು ಕೂತಳು. ಅಂದಿನ ಬಡಿತಕ್ಕೆ ಓಣಿಯ ನಾಯಿಗಳೆಲ್ಲ ಊರು ಬಿಟ್ಟವು. ಗಂಗವ್ವ ಮೊಮ್ಮಗಳಿಗೆ ಹಾಲುರೊಟ್ಟಿ ಕಲಸುತ್ತ ಹೇಳಿದಳು:

"ಇನ್ನೊಂದ ಸಲ ಹೋಗಿ ಬಾ ಯವ್ವಾ. ಕೂಸಿನ್ನ ನಾ ನೋಡ್ಕೋತೀನಿ. ಆದ್ರ ಇದ ಕಡೀದು. ನನ್ನ ಮೊಣಕಾಲು ಈ ಕೂಸಿನ ಹಿಂದ ಎಷ್ಟ ವರ್ಷ ಓಡ್ಬೇಕು."

ಮೈಲಾರಿಯೂ ಹೂಂ ಅಂದ. ಶಿವಲೀಲಾಳೂ ಹೂಂ ಅಂದಳು. ಇನ್ನೊಂದೇ ಸಲ.

ಮುಂದಿನ ವರ್ಷ ಕಣ ಮತ್ತೆ ಬರಿದಾಯಿತು. ಅಭ್ಯಾಸ ಶುರುವಾಯಿತು. ಕಾಲು ಮತ್ತೆ ಗೆರೆ ದಾಟಿತು. ಮೈಲಾರಿ ಗೆರೆಯ ಮೇಲೆ ಹಲಗೆ ಹೂತ, ಹಲಗೆಯನ್ನೂ ದಾಟಿತು. ನನಗೂ ಕೌತುಕ. ಇಷ್ಟು ಓದಿದ ಹೆಣ್ಣು, ಇಷ್ಟು ಬಲ್ಲ ಹೆಣ್ಣು, ಏನು ಎಳೆಯುತ್ತದೆ ಇವಳನ್ನು? ನಾನೇ ಎಳೆಯುತ್ತಿರಬಹುದು ಎಂದುಕೊಂಡೆ. ಅಯಸ್ಕಾಂತದ ಗುಣ ನನ್ನಲ್ಲಿ ಮೊದಲಿನಿಂದಲೂ ಇದೆ.

ಆಗ ಗಂಗವ್ವ ಅಕ್ಕುವನ್ನು ಕರೆದುಕೊಂಡು ಮಗಳ ಮನೆಗೆ ರಾಣೆಬೆನ್ನೂರಿಗೆ ಹೋದಳು. ಮರುದಿನ ಕಣದಲ್ಲಿ ಗಂಡ ಹೆಂಡತಿ ಇಬ್ಬರೇ. ಅವಳು ನೂಕಿದಳು. ನಾನು ಹಾರಿದೆ, ಬಿದ್ದೆ, ಉರುಳಿದೆ, ನಿಂತೆ. ಯಾರೂ ಬರಲಿಲ್ಲ. ತಿರುಗಿ ನೋಡಿದರೆ ಅವಳು ವೃತ್ತದೊಳಗೇ ನಿಂತಿದ್ದಾಳೆ, ತನ್ನ ಎರಡೂ ಪಾದಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತ.

"ರೀ," ಎಂದಳು. "ಇನ್ನೊಮ್ಮೆ ತಂದ ಕೊಡ್ರಿ."

ಮತ್ತೆ ನೂಕಿದಳು. ಮತ್ತೆ ಕಾಲು ಅಲ್ಲೇ. ಆಮೇಲೆ ಸುಣ್ಣದ ಗೆರೆಯ ಮೇಲೆ ಕೂತು ನಗತೊಡಗಿದಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಖಾರ ಬಿದ್ದಿರಬೇಕು.

"ಏನಾತು?"

"ಅಕ್ಕು ಮುಂದ ಇದ್ರ ನನ್ನ ಕಾಲು ನಿಲ್ಲೂದಿಲ್ರಿ. ಗುಂಡ ಬಿಟ್ಟ ಕೂಡ್ಲೇ ಆಕಿ ಕಡೆ ಓಡ್ತಾವ. ಹೋದ ವರ್ಷ ನೀವು ಆಕೀನ ಹೊತ್ತು ಎಲ್ಲಿ ನಿಂತಿದ್ರಿ ನೆನಪೈತೇನು?"

ಮೈಲಾರಿ ವೃತ್ತಕ್ಕೆ ಒಂದು ಸುತ್ತು ಹಾಕಿ ಅದರ ಹಿಂದೆ ಬಂದು ನಿಂತ. ಆಮೇಲೆ ಹೇಳಿದ, "ಹಂಗಾರ ಆಕೀನ ಹಿಂದ ನಿಲ್ಲಸೂಣು. ಓಡೂದಾದ್ರ ಹಿಂದ ಓಡು."

ಅಕ್ಕು ಊರಿಂದ ಬಂದ ಮೇಲೆ ಹಾಗೇ ಮಾಡಿದರು. ತಂದೆ ಮಗಳು ವೃತ್ತದ ಹಿಂದೆ ನಿಲ್ಲುವುದು, ಶಿವಲೀಲಾ ನೂಕಿ, ನಾನು ಬಿದ್ದ ಸದ್ದು ಕೇಳಿ, ತಿರುಗಿ ಹಿಂದಿನಿಂದ ಹೊರಬಂದು ಮಗಳನ್ನು ಎತ್ತಿಕೊಳ್ಳುವುದು. ನನ್ನ ಹಾರಾಟ ನೋಡುವವರೇ ಇಲ್ಲವಾದರು. ಅದೊಂದು ಬೇಸರ ಬಿಟ್ಟರೆ ಎಲ್ಲ ಚೆನ್ನಾಗಿತ್ತು.

"ಪರೀಕ್ಷಾದ ದಿನ ಕೂಸಿನ್ನ ನನ್ನ ಹತ್ರಾನ ಬಿಟ್ಟ ಹೋಗ್ರಿ," ಎಂದಳು ಗಂಗವ್ವ.

"ಬ್ಯಾಡ್ರಿ ಅತ್ತಿ. ಆಕಿ ಹಿಂದ ಇದ್ರ ನನಗ ಧೈರ್ಯ."

ಹೀಗೆ ನಾವು ಎರಡನೇ ಸಲ ಹೊರಟೆವು. ಆದರೆ ಆ ವರ್ಷ ಮೈದಾನದಲ್ಲಿ ಹೊಸ ಏರ್ಪಾಡು. ಮನೆಯವರೆಲ್ಲ ಹಗ್ಗದಾಚೆ ನಿಲ್ಲಬೇಕು. ಆ ಹಗ್ಗ ಕಟ್ಟಿದ್ದು ಗುಂಡು ಬೀಳುವ ಕಡೆಯಲ್ಲೇ. ಮೈಲಾರಿ ಕೇಳಿಕೊಂಡ, ಅಲ್ಲಿನವರು ಒಪ್ಪಲಿಲ್ಲ. ಶಿವಲೀಲಾ ವೃತ್ತಕ್ಕೆ ಇಳಿದಾಗ ಅಕ್ಕು ಹಗ್ಗ ಹಿಡಿದು "ಅವ್ವಾ" ಎಂದು ಕೂಗಿದಳು. ಗುಂಡು ಹಾರಿತು. ಕಾಲೂ ಹಾರಿತು. ಕೆಂಪು ಬಾವುಟ.

ಮೈಲಾರಿ ಮಗಳನ್ನು ಒಂದು ಕಂಕುಳಲ್ಲಿ, ನನ್ನ ಚೀಲವನ್ನು ಇನ್ನೊಂದರಲ್ಲಿ ಇಟ್ಟುಕೊಂಡು ಓಡತೊಡಗಿದ. ಮೈದಾನದ ಹೊರಗಿನಿಂದ ಪೂರ್ತಿ ಸುತ್ತು. ಆ ಓಟಕ್ಕೆ ಅಲ್ಲೇ ಅವನಿಗೊಂದು ಸೀಟು ಕೊಡಬಹುದಿತ್ತು. ವೃತ್ತದ ಹಿಂಬದಿಯಲ್ಲಿ, ಬೇಲಿಯಾಚೆ, ಸಿಮೆಂಟಿನ ನೀರಿನ ಟಾಕಿ ಇತ್ತು. ನಾವು ಅದರ ಮರೆಗೆ ಮುಟ್ಟುವ ಮೊದಲೇ ಎರಡನೇ ಸರದಿ ಮುಗಿದಿತ್ತು. ಹಗ್ಗದ ಹತ್ತಿರ ಗಂಡ, ಮಗಳು ಇಬ್ಬರೂ ಕಾಣದೆ ಶಿವಲೀಲಾ ಅತ್ತಿತ್ತ ಹುಡುಕುತ್ತಲೇ ನೂಕಿದ್ದಳು. ಗುಂಡು ಬೀಳಬೇಕಾದ ಜಾಗದ ಪಕ್ಕದ ಗೆರೆಯಾಚೆ ಜಾರಿ ಬಿದ್ದು, ಅದೂ ಲೆಕ್ಕಕ್ಕೆ ಬಂದಿರಲಿಲ್ಲ.

ಉಳಿದಿದ್ದು ಒಂದೇ ಸರದಿ.

ಮೈಲಾರಿಗೆ ಉಬ್ಬಸ. ಅಕ್ಕುವಿಗೆ ಅಳು ಬರುವಂತಿತ್ತು, ಅವ್ವ ಕಾಣುತ್ತಿಲ್ಲವಲ್ಲ. ಅತ್ತರೆ ಕೆಲಸ ಕೆಟ್ಟಿತು, ಅಳು ಕೇಳಿದ ತಾಯಿ ಗುಂಡನ್ನೇ ಮರೆತಾಳು. ಆಗ ಅವನು ಚೀಲ ಬೋರಲು ಹಾಕಿದ. ನಾನು ದಡಕ್ಕೆಂದು ಕೆಸರಿಗೆ ಬಿದ್ದೆ. ಟಾಕಿಯ ನಲ್ಲಿ ಸೋರಿ ಅಲ್ಲೊಂದು ಸಣ್ಣ ಹೊಂಡವಾಗಿತ್ತು. ಕೆಸರು ಅಕ್ಕುವಿನ ಮೂಗಿಗೆ ಸಿಡಿಯಿತು. ಅವಳು ಒಂದು ಕ್ಷಣ ಬೆಚ್ಚಿ ನೋಡಿ, ಆಮೇಲೆ ಕಿಲಕಿಲ ನಕ್ಕಳು. ನನ್ನನ್ನು ಎರಡೂ ಕೈಯಿಂದ ನೂಕಿದಳು. ನಾನು ಉರುಳಿದೆ. ಮತ್ತೆ ನಕ್ಕಳು. ಜೀವಮಾನದಲ್ಲಿ ಎಂದೂ ಅಷ್ಟು ಚೆನ್ನಾಗಿ ಉರುಳಿರಲಿಲ್ಲ ನಾನು.

"ಲೀಲಾ," ಎಂದು ಮೈಲಾರಿ ಟಾಕಿಯ ಮರೆಯಿಂದ ಕೂಗಿದ, "ಹಿಂದ ಅದೀವಿ."

ವೃತ್ತದಲ್ಲಿ ಏನಾಯಿತೋ ನಮಗೆ ಕಾಣಲಿಲ್ಲ. ಮೈಲಾರಿ ಮಗಳ ಮುಂದೆ ಕೆಸರಿನಲ್ಲಿ ಮಂಡಿಯೂರಿ ಕೂತಿದ್ದ. ನಾನು ಹೊಂಡದಲ್ಲಿ ಅರ್ಧ ಮುಳುಗಿದ್ದೆ. ದೂರದಲ್ಲೊಂದು ಸದ್ದು ಬಂತು, ಕಬ್ಬಿಣ ಮಣ್ಣಿಗೆ ಬೀಳುವ ಸದ್ದು. ಆಮೇಲೆ ಬೇಲಿಯ ಕಡೆಗೆ ನಡೆದುಬರುವ ಹೆಜ್ಜೆಗಳು. ಶಿವಲೀಲಾ ಬೇಲಿಯ ಮೇಲಿಂದ ಕೈಚಾಚಿದಳು. ಕೆಸರಾದ ಅಕ್ಕು ಅವಳ ಹೆಗಲೇರಿದಳು.

"ಯಾವ ಬಾವುಟ?" ಎಂದ ಮೈಲಾರಿ.

"ಬಿಳೇದು."

"ಎಷ್ಟ ದೂರ ಹೋತು?"

"ನಾ ನೋಡ್ಲಿಲ್ರಿ. ಸಪ್ಪಳ ಕೇಳಿ ತಿರುಗಿ ಬಂದೆ. ನೀವು ನೋಡ್ಲಿಲ್ಲೇನು?"

"ಈಕೀನ ನಗಸಾಕತ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟೇ. ಸೀಟು ಸಿಕ್ಕಿತೆಂದು ಫೋನು ಬಂದಾಗ ಗಂಗವ್ವ ಮೊದಲು ಕೇಳಿದ್ದೂ ಅದನ್ನೇ: ಎಷ್ಟು ದೂರ ಹೋಯಿತು? ಫೋನು ಮಾಡಿದವರು ಅದನ್ನು ಹೇಳಿರಲಿಲ್ಲ.

ಓದಿನ ಆ ಎರಡು ವರ್ಷ ಸುಲಭದವಲ್ಲ. ಸೋಮವಾರ ಶಿವಲೀಲಾ ಬಸ್ಸು ಹತ್ತುತ್ತಿದ್ದಳು, ಶನಿವಾರ ಇಳಿಯುತ್ತಿದ್ದಳು. ಅಕ್ಕುವಿಗೆ ಜಡೆ ಹಾಕಲು ಮೈಲಾರಿ ಕಲಿತ. ಮೊದಮೊದಲು ಅದು ಮೆಣಸಿನಕಾಯಿ ಚೀಲದ ಬಾಯಿ ಕಟ್ಟಿದಂತೆ ಇರುತ್ತಿತ್ತು. ಗಂಗವ್ವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಸೊಸೆಯನ್ನು ಬೈಯುತ್ತಿದ್ದಳು, ಪಕ್ಕದ ಮನೆಯವರು ಬೈದರೆ ಅವರನ್ನು ಬೈಯುತ್ತಿದ್ದಳು.

ಈಗ ಶಿವಲೀಲಾ ಒಂದು ಕಾಲೇಜಿನ ಆಟದ ಮೇಡಂ. ನಾನು ಅಲ್ಲಿನ ಸಾಮಾನು ಕೋಣೆಯ ಮೂಲೆಯಲ್ಲಿ, ಹರಿದ ವಾಲಿಬಾಲ್ ನೆಟ್ಟಿನ ಮೇಲೆ ಒರಗಿದ್ದೇನೆ. ಮೈಗೆ ತುಕ್ಕು ಹತ್ತಿದೆ. ಸುತ್ತ ಹೊಳೆಯುವ ಹೊಸ ಗುಂಡುಗಳು. ಹುಡುಗರು ಹುಡುಗಿಯರು ಬಂದು ಅವನ್ನೇ ಒಯ್ಯುತ್ತಾರೆ. ಬಾಗಿಲು ಹಾಕಿದ ಮೇಲೆ ಅವು ನನ್ನನ್ನು ಸುತ್ತುವರಿದು ಕೇಳುತ್ತವೆ: ಅಜ್ಜಾ, ಮೇಡಂ ಅವತ್ತು ಎಷ್ಟು ದೂರ ಎಸೆದರು?

ನಾನು ಹೇಳುತ್ತೇನೆ. ಹೋದ ವರ್ಷ ಹೇಳಿದಾಗ ಗುಂಡು ಮೈದಾನದ ಗೋಡೆ ದಾಟಿತ್ತು. ಈ ವರ್ಷ ರೈಲು ನಿಲ್ದಾಣ ಮುಟ್ಟಿದೆ. ಬರುವ ವರ್ಷ ಹೊಳೆ ದಾಟಿಸಬೇಕೆಂದಿದ್ದೇನೆ. ಸುಳ್ಳು ಎನ್ನಲು ಅಳತೆಪಟ್ಟಿಗೆ ಬಾಯಿಲ್ಲ. ನಮ್ಮ ಮನೆಯ ಕಡೆಯಿಂದಂತೂ ಯಾರೂ ಎದುರಾಡುವಂತಿಲ್ಲ. ನೋಡಬೇಕಾದ ನಾವೆಲ್ಲ ಆ ಹೊತ್ತಿನಲ್ಲಿ ಒಂದು ನೀರಿನ ಟಾಕಿಯ ಹಿಂದೆ, ಕೆಸರಿನಲ್ಲಿ ಕೂತು, ಒಂದು ಮಗುವನ್ನು ನಗಿಸುತ್ತಿದ್ದೆವು.