ಹರಳೆಣ್ಣೆಯ ಜಿಡ್ಡು

ಮೋಟಾರು ಗುರುಗುಟ್ಟಿ ಶುರುವಾದಾಗ ತಾರಸಿಯ ಬಿಸಿನೀರಿನ ತೊಟ್ಟಿಯ ತೂತುಗಳಿಂದ ಮೊದಲು ಬಂದದ್ದು ಬರೀ ಬಿಳಿ ನೊರೆ. ಸ್ವಲ್ಪ ಹೊತ್ತಿಗೆ ಅದು ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ಕಪ್ಪು ಚಕ್ಕೆಗಳು, ನೆನೆದ ಕಾಗದದಂಥ ಪೊರೆಗಳು, ಬೂದು ಬಣ್ಣದ ಲೋಳೆ ಎಲ್ಲವೂ ಮೇಲೆದ್ದು ಅಂಚಿಗೆ ಅಂಟಿಕೊಳ್ಳತೊಡಗಿದವು. ಸವಿತಾ ಸೆರಗನ್ನು ಮೂಗಿಗೆ ಸುತ್ತಿಕೊಂಡು ಬಟ್ಟೆಯಿಂದ ಅಂಚನ್ನು ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದಳು. ಒರೆಸಿದಷ್ಟೂ ಬರುತ್ತಿತ್ತು.

"ಪೈಪಿನೊಳಗೆ ಕೂತಿರೋ ಪೊರೆ ಅಕ್ಕ ಇದು," ಎಂದ ಮುತ್ತು. ತೊಟ್ಟಿ ಶುಚಿ ಮಾಡಲೆಂದು ಪೀಣ್ಯದ ಕಂಪನಿಯಿಂದ ಬಂದವನು ಅವನು. ಔಷಧಿ ಸುರಿದು ಖಾಲಿ ಡಬ್ಬಿಗೆ ಮುಚ್ಚಳ ತಿರುಗಿಸುತ್ತಿದ್ದ. "ನೀರು ಎಷ್ಟ್ ಸಲ ಬದಲಾಯಿಸಿದ್ರೂ ಇದು ಹೋಗಲ್ಲ. ಇನ್ನೊಂದು ಸ್ವಲ್ಪ ಹೊತ್ತು ಮೋಟ್ರು ಓಡ್ಲಿ. ಆಮೇಲೆ ಪೂರ್ತಿ ನೀರು ಬಿಟ್ಟು, ತಿಕ್ಕಿ ತೊಳೆದು, ಹೊಸ ನೀರು ತುಂಬಿ." ಅವನು ಫಿಲ್ಟರನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. "ಯಾರೋ ಹರಳೆಣ್ಣೆ ಹಚ್ಕೊಂಡು ಇಳಿದವ್ರೆ. ಜಿಡ್ಡು ನೋಡಿ ಹೆಂಗಿದೆ!"

ನಗುತ್ತ ಅವನು ಮೆಟ್ಟಿಲಿಳಿದು ಹೋದ. ಸವಿತಾ ನಗಲಿಲ್ಲ.

ಸಿಂಗಸಂದ್ರದ ಈ ಗೆಸ್ಟ್ ಹೌಸ್ ಚಿರಂಜೀವಿಯದು. ಅವನ ಅಪ್ಪ ನರಸಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ನಾಲ್ಕಂತಸ್ತು ಎದ್ದಿತ್ತು. ಕಂಪನಿಗಳ ಕೆಲಸಕ್ಕೆಂದು ಬಂದು ಹೋಗುವ ಹೊರರಾಜ್ಯಗಳ, ಹಿಂದಿ ಬಲ್ಲ ಇಂಜಿನಿಯರುಗಳು ಅಲ್ಲಿ ತಂಗುತ್ತಿದ್ದರು. ಅಕ್ಕಪಕ್ಕದ ಗೆಸ್ಟ್ ಹೌಸುಗಳಲ್ಲಿ ಇಲ್ಲದ್ದು ತನ್ನಲ್ಲಿರಲಿ ಎಂದು ಚಿರಂಜೀವಿ ತಾರಸಿಯ ಮೇಲೆ ಈ ಬಿಸಿನೀರಿನ ತೊಟ್ಟಿ ಕೂರಿಸಿದ್ದ. ಸವಿತಾ ರಾಯಚೂರಿನ ಕಡೆಯವಳು. ಹೆಬ್ಬಗೋಡಿಯಲ್ಲಿ ಬಾಡಿಗೆ ಕೋಣೆ. ಗಂಡ ಕಟ್ಟಡದ ಕೆಲಸಕ್ಕೆ ಹೋದರೆ ಅವಳು ಇಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಬರುತ್ತಿದ್ದಳು.

ಆವತ್ತು ಬೆಳಿಗ್ಗೆ ಮೂವರು ಗೆಸ್ಟುಗಳು ಕೆಳಗಿಳಿದು ಬಂದು ದೂರಿದ್ದರು. ಒಬ್ಬನ ಕೈಮೇಲೆಲ್ಲ ಕೆಂಪು ಗುಳ್ಳೆ. ತೊಟ್ಟಿಯ ನೀರು ನಾರುತ್ತದೆ, ಏನೇನೋ ತೇಲುತ್ತದೆ ಎಂದು ಅವನು ಇಂಗ್ಲಿಷಿನಲ್ಲಿ ಕೂಗಾಡಿದ. ಚಿರಂಜೀವಿ ಕೈ ಕಟ್ಟಿಕೊಂಡು ಕೇಳಿದ. ಕೇಳಿ, ಮೆಟ್ಟಿಲು ಒರೆಸುತ್ತಿದ್ದ ಸವಿತಾಳ ಕಡೆ ಬೆರಳು ತೋರಿಸಿ ಏನೋ ಹೇಳಿದ. ಅವಳಿಗೆ ತಿಳಿದದ್ದು "ಲೇಡೀಸ್", "ಬಾತ್" ಎಂಬ ಎರಡು ಮಾತು, ಮತ್ತು ಆ ಬೆರಳು. ಗುಳ್ಳೆಯಾದವನು ಅವಳ ಮುಖ ನೋಡಿದ, ಆಮೇಲೆ ಪಾದ ನೋಡಿದ.

ಅವರು ವ್ಯಾನು ಹತ್ತಿದ ಮೇಲೆ ಚಿರಂಜೀವಿ ಕನ್ನಡದಲ್ಲಿ ಕೇಳಿದ. "ಎಲ್ರೂ ಆಫೀಸಿಗೆ ಹೋದ್ಮೇಲೆ ಮೇಲ್ಗಡೆ ಹೋಗಿ ಸ್ನಾನ ಮಾಡ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

"ನಾ ಇಳದಿಲ್ರಿ ಸಾರ್."

"ಮತ್ತಿನ್ಯಾರು, ನಾನಾ?"

ಜಗಲಿಯಲ್ಲಿ ಅವನ ತಾಯಿ ವೆಂಕಟಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಸವಿತಾ ಅವಳತ್ತ ನೋಡಿದಳು. ಈಗ ಹೇಳುತ್ತಾಳೆ, ಇನ್ನೇನು ಹೇಳುತ್ತಾಳೆ ಎಂದು ಕಾದಳು. ವೆಂಕಟಮ್ಮ ತಲೆಯೆತ್ತಲಿಲ್ಲ. ಕಾಳುಗಳು ತಟ್ಟೆಗೆ ಬೀಳುತ್ತಲೇ ಇದ್ದವು.

ಚಳಿಗಾಲ ಶುರುವಾದಾಗಿನಿಂದ, ಮನೆ ಖಾಲಿಯಾದ ಮಧ್ಯಾಹ್ನಗಳಲ್ಲಿ, ಆ ಮುದುಕಿಯನ್ನು ತಾರಸಿಗೆ ಕರೆದೊಯ್ಯುತ್ತಿದ್ದವಳು ಸವಿತಾಳೇ. ಊದಿದ ಮಂಡಿಗಳಿಗೆ ಹರಳೆಣ್ಣೆ ತಿಕ್ಕಿ, ಕಂಕುಳಿಗೆ ಕೈ ಕೊಟ್ಟು ನೀರಿಗಿಳಿಸುತ್ತಿದ್ದಳು. ವೆಂಕಟಮ್ಮ ಕಣ್ಣು ಮುಚ್ಚಿ ಕೂತು, ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಹೊಲದ ಬಾವಿಯಲ್ಲಿ ಈಜಿದ್ದು, ಅತ್ತೆ ಬೈದದ್ದು ಎಲ್ಲ ಹೇಳುತ್ತಿದ್ದಳು. "ನನ್ ಮಗಂಗೆ ಯೋಳ್ಬೇಡ ಕಣವ್ವ. ಗಿರಾಕಿ ಓಗ್ಬುಡ್ತಾರೆ ಅಂತ ಕುಣೀತಾನೆ," ಎನ್ನುತ್ತಿದ್ದಳು. ಸವಿತಾ ಗಂಡನ ಹತ್ತಿರವೂ ಹೇಳಿರಲಿಲ್ಲ. ಊರಲ್ಲಿದ್ದ ತನ್ನ ತಾಯಿಗೂ ಮಂಡಿ ನೋವಿತ್ತು. ಅವಳ ಕಾಲು ಒತ್ತಲು ಆಗದ ಸಂಕಟ ಇಲ್ಲಿ ಸ್ವಲ್ಪ ಇಳಿಯುತ್ತಿತ್ತು.

ಸವಿತಾ ಇನ್ನೂ ಅಂಚು ಒರೆಸುತ್ತಿದ್ದಾಗ ಮೆಟ್ಟಿಲಲ್ಲಿ ಸದ್ದಾಯಿತು. ಚಿರಂಜೀವಿ ಬಂದ. ಅವನ ಹಿಂದೆ ಗೋಡೆ ಹಿಡಿದುಕೊಂಡು ವೆಂಕಟಮ್ಮ ಬಂದಳು.

ತೊಟ್ಟಿ ನೋಡಿ ಚಿರಂಜೀವಿ ಮೂಗು ಮುಚ್ಚಿಕೊಂಡ. "ಥೂ! ನೋಡಮ್ಮ, ಏನ್ ಗಲೀಜು. ಎಣ್ಣೆ ವಾಸ್ನೆ ಬೇರೆ. ತಲೆ ತುಂಬ ಎಣ್ಣೆ ಬಳ್ಕೊಂಡು ಇಳಿದಿದಾಳೆ. ಇಂಥೋರನ್ನ ಕೆಲ್ಸಕ್ಕೆ ಇಟ್ಕೊಂಡಿದ್ದು ನನ್ ತಪ್ಪು."

ವೆಂಕಟಮ್ಮ ಮಗನ ತೋಳು ಮುಟ್ಟಿದಳು. "ಓಗ್ಲಿ ಬುಡು ಚಿರು. ಬಿಸ್ನೀರು ಕಂಡು ಏನೋ ಆಸೆ ಪಟ್ಲು. ಬಡವ್ರ ಮಕ್ಳು. ನಾನು ಬುದ್ಧಿ ಯೋಳ್ತೀನಿ."

ಸವಿತಾಳ ಕೈ ನಿಂತಿತು. ಬೈದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಮಾಡದ ತಪ್ಪಿಗೆ ಕ್ಷಮೆ. ಅದೂ ಮಾಡಿದವಳ ಬಾಯಿಂದ. ಲೋಳೆ ಸುರಿಯುತ್ತಿದ್ದ ಬಟ್ಟೆಯನ್ನು ಹಾಗೇ ಎತ್ತಿ ಮುದುಕಿಯ ಮುಂದೆ ಹಿಡಿದಳು.

"ಅಮ್ಮಾರ, ಈ ಎಣ್ಣಿ ಯಾರದ್ರಿ? ನೀವ ಹೇಳ್ರಿ."

"ಯಾವ್ ಎಣ್ಣೆ? ನಂಗೇನ್ ಗೊತ್ತವ್ವ?"

"ಗೊತ್ತಿಲ್ಲೇನ್ರಿ? ನನ್ನ ಕೈಲೆ ಮಣಕಾಲಿಗೆ ತಿಕ್ಕಿಸ್ಕೊಂಡಿದ್ದು ಗೊತ್ತಿಲ್ಲ? ಇದರಾಗ ಇಳಸಿ, ಎತ್ತಿ, ಸೀರಿ ಹಿಂಡಿ ಒಣಗಿಸಿದಾಕಿ ನಾನು. ಒಂದ್ ದಿನ ಒಂದ್ ಬೆರಳ ಅದ್ದಿಲ್ಲ ನಾ ಇದರಾಗ!"

ಚಿರಂಜೀವಿ ತಾಯಿಯ ಕಡೆ ತಿರುಗಿದ. ವೆಂಕಟಮ್ಮ ತಾರಸಿಯ ಕಟ್ಟೆಯ ಮೇಲೆ ಕೂತುಬಿಟ್ಟಳು.

"ನಿಜಾನಾಮ್ಮ?"

"ಕಾಲು ನೋಯ್ತದೆ ಕಣೋ. ನಿನ್ ಕೇಳಿದ್ರೆ ಬುಡ್ತಿದ್ಯಾ? ನಮ್ಮೊಲ್ದಾಗೆ ಕಟ್ಟಿರೋ ಮನೇಲಿ ನಾನು ಕಳ್ಳಿ ಅಂಗೆ..." ಮಾತು ಮುಗಿಸದೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸವಿತಾಳಿಗೆ ಕನಿಕರ ಬರಬೇಕಿತ್ತು. ಬರಲಿಲ್ಲ.

ಚಿರಂಜೀವಿ ಅಕ್ಕಪಕ್ಕದ ತಾರಸಿಗಳತ್ತ ಕಣ್ಣು ಹಾಯಿಸಿದ. ಆಮೇಲೆ ದನಿ ತಗ್ಗಿಸಿದ. "ಆಯ್ತು, ಇಲ್ಲಿಗೆ ಮುಗೀತು. ಗೆಸ್ಟ್‌ಗಳಿಗೆ ಇದೆಲ್ಲ ಗೊತ್ತಾಗ್ಬಾರ್ದು. ನೀನು ಬೇಗ ಕ್ಲೀನ್ ಮಾಡಿ ನೀರು ಬಿಡು."

"ಮುಂಜಾನಿ ನನ್ನ ತೋರಿಸಿ ಹೇಳಿದ್ರಲ್ಲ, ಅದು?"

"ಅದ್ಕೇನೀಗ? ಮುಂದಿನ್ ವಾರ ಅವ್ರು ಹೊರಟ್ರು. ನಿನ್ ಹೆಸ್ರೂ ಗೊತ್ತಿಲ್ಲ ಅವ್ರಿಗೆ."

"ಮುಖ ಗೊತ್ತೈತಲ್ರಿ! ಅವರ ಮುಂದ ಹೇಳೀರಿ, ಅವರ ಮುಂದ ತಗೀರಿ ಆ ಮಾತ. ನಾ ಇಳದಿಲ್ಲ ಅಂತ ಹೇಳ್ರಿ."

"ನಮ್ಮಮ್ಮ ಇಳಿತಿದ್ರು ಅಂತ ಹೇಳ್ಲಾ? ತಲೆ ಕೆಟ್ಟಿದ್ಯಾ? ಕೆಲ್ಸ ಬೇಕೋ ಬೇಡ್ವೋ ನಿಂಗೆ?"

ಸವಿತಾ ಕೈಯಲ್ಲಿದ್ದ ಬಟ್ಟೆಯನ್ನು ತೊಟ್ಟಿಯೊಳಕ್ಕೆ ಎಸೆದಳು. ಕಂದು ನೊರೆ ಹಾರಿ ಚಿರಂಜೀವಿಯ ಅಂಗಿಗೆ ಬಿತ್ತು. ಅವನು ಬೈಯುತ್ತ ಹಿಂದೆ ಸರಿದ. ಅವಳು ಮೆಟ್ಟಿಲ ಕಡೆ ತಿರುಗಿದಳು.

"ಓಗ್ಬೇಡ ಕಣವ್ವ," ಎಂದಳು ವೆಂಕಟಮ್ಮ, ಮುಖದಿಂದ ಸೆರಗು ಸರಿಸಿ. "ನನ್ ಮಗಳಿದ್ದಂಗೆ ನೀನು."

"ಮುಂಜಾನಿ ಕಾಳು ಸುಲಿಯೂ ಮುಂದ ಈ ಬಾಯಿ ಎಲ್ಲಿಗೆ ಹೋಗಿತ್ರಿ?"

ಉತ್ತರಕ್ಕೆ ಕಾಯದೆ ಅವಳು ಇಳಿದಳು. ಕೆಳಗಿನ ನಲ್ಲಿಯಲ್ಲಿ ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದುಕೊಂಡಳು. ಚೀಲ ಹೆಗಲಿಗೆ ಹಾಕಿ ಗೇಟು ದಾಟಿದಳು.

ಮುಖ್ಯರಸ್ತೆಗೆ ನಡೆದು ಹೋದಳು. ಹೆಬ್ಬಗೋಡಿಯ ಬಸ್ಸು ಬಂತು. ಹತ್ತಲು ಕಾಲಿಟ್ಟವಳು ಕಂಬಿ ಬಿಟ್ಟು ಕೆಳಗಿಳಿದಳು. ಕಂಡಕ್ಟರ್ "ಏನಮ್ಮ, ಬರ್ತೀಯೋ ಇಲ್ವೋ?" ಎಂದು ರೇಗಿದ. ಅವಳು ಬಂದ ದಾರಿಯಲ್ಲೇ ವಾಪಸು ನಡೆದು, ಗೆಸ್ಟ್ ಹೌಸಿನ ಎದುರಿನ ಟೀ ಅಂಗಡಿಯ ಕಲ್ಲಿನ ಮೇಲೆ ಕೂತಳು.

ಬಿಸಿಲು ಇಳಿಯುವವರೆಗೂ ಕೂತಳು. ಮೇಲಿನ ಮೋಟಾರು ನಿಂತಿತು. ಗೋಡೆಗಿದ್ದ ಕೊಳವೆಯಿಂದ ಕಂದು ನೀರು ಭರ್ರೆಂದು ಚರಂಡಿಗೆ ಬಿತ್ತು. ಒಂದು ಸಲ ಬಾಲ್ಕನಿಗೆ ವೆಂಕಟಮ್ಮ ಬಂದು ಇತ್ತ ನೋಡಿ ಒಳಗೆ ಹೋದಳು. ಸವಿತಾ ರಾಯಚೂರಿನ ಸಂತೆಯಲ್ಲಿ ಕಲಿತ ಚೂರುಪಾರು ಹಿಂದಿಯನ್ನು ನೆನಪಿಸಿಕೊಂಡು, ತುಟಿಯಲ್ಲೇ ಜೋಡಿಸುತ್ತಿದ್ದಳು. ಒಂದು ಶಬ್ದ ಸಿಕ್ಕರೆ ಇನ್ನೊಂದು ತಪ್ಪಿಹೋಗುತ್ತಿತ್ತು. ಸಿಟ್ಟು ಮಾತ್ರ ತಪ್ಪಲಿಲ್ಲ.

ವ್ಯಾನು ಬಂದು ಗೇಟಿನ ಮುಂದೆ ನಿಂತಿತು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಮೂವರೂ ಇಳಿದರು. ಸವಿತಾ ರಸ್ತೆ ದಾಟಿ ಅವರ ಎದುರು ನಿಂತಳು. ಒಳಗಿನಿಂದ ಚಿರಂಜೀವಿ "ಏಯ್ ಸವಿತಾ, ಬೇಡ!" ಎನ್ನುತ್ತ ಓಡಿ ಬಂದ.

ಅವಳು ಹೇಳಿದಳು. ಅರ್ಧ ಹಿಂದಿ, ಅರ್ಧ ಕನ್ನಡ; ತೊಟ್ಟಿಗೆ ಇಳಿದವಳು ತಾನಲ್ಲ ಎಂದು. ಇಬ್ಬರು ಮುಖ ಮುಖ ನೋಡಿಕೊಂಡರು. ಕೈಮೇಲೆ ಗುಳ್ಳೆಯಿದ್ದವನು ಹಾಡು ಕೇಳುತ್ತಿದ್ದ. ಅವನಿಗೆ ಏನೂ ಕೇಳಿಸಿರಲಿಲ್ಲ. ಅವಳು ದಾರಿ ಬಿಡದ್ದನ್ನು ಕಂಡು ಕಿವಿಯಿಂದ ವೈರು ಎಳೆದು, "ಕ್ಯಾ?" ಎಂದ.

ಸವಿತಾ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಮೊದಲಿನಿಂದ ಶುರುಮಾಡಿದಳು.