ಒಣಮೆಣಸಿನಕಾಯಿಯ ಸಮೀಕರಣ

ಅನ್ವಯಿಕ ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ ಎಂದರೆ ನಮ್ಮೂರು ಕರ್ಜಗಿಯಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ಅಂದ್ರ ಮಗ್ಗಿನೇನ?" ಅಲ್ಲ ಎಂದರೆ, "ಮತ್ತ ಅದು ಯಾತಕ್ಕ ಬರ್ತೈತಿ?" ಅನ್ವಯಿಕ ಎಂದರೇನೇ ಉಪಯೋಗಕ್ಕೆ ಬರುವಂಥದ್ದು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ಹಾವೇರಿಯ ಕಾಲೇಜಿನಲ್ಲಿ ಮೊದಲ ವರ್ಷ ಮುಗಿಯುವ ಹೊತ್ತಿಗೆ ಆ ಅನುಮಾನ ನನಗೇ ಬಂದುಬಿಟ್ಟಿತು.

ಎರಡನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ನಮ್ಮಲ್ಲಿ ಪ್ರಾಜೆಕ್ಟ್ ಎಂದರೆ ಕಾಗದದ ಮೇಲಿನ ಎರಡು ಚಪ್ಪಟೆ ಪ್ಲೇಟುಗಳು. ಅವುಗಳ ನಡುವೆ ಒಂದು ದ್ರವ ಹರಿಯುತ್ತದೆ, ಅದರ ವೇಗ ಲೆಕ್ಕ ಹಾಕಬೇಕು. ಒಂದು ವರ್ಷದವರು ಪ್ಲೇಟು ಬಿಸಿ ಮಾಡುತ್ತಾರೆ, ಮರುವರ್ಷದವರು ವಾರೆ ಮಾಡುತ್ತಾರೆ, ಅವರ ಹಿಂದಿನಿಂದ ಬಂದವರು ಅಲುಗಾಡಿಸುತ್ತಾರೆ. ಆ ಪ್ಲೇಟನ್ನು ಕಂಡವರಿಲ್ಲ, ಆ ದ್ರವವನ್ನು ಮುಟ್ಟಿದವರಿಲ್ಲ. ರಾಣೆಬೆನ್ನೂರಿನಿಂದ ಬರುತ್ತಿದ್ದ ನನ್ನ ಗೆಳತಿ ಅರುಣಾ ಹಳೆಯ ಪ್ಲೇಟುಗಳನ್ನೇ ತಂದು, ಇನ್ನೊಂದಿಷ್ಟು ವಾರೆ ಮಾಡಿ, ದೀಪಾವಳಿಗೇ ಕೆಲಸ ಮುಗಿಸಿ ಕೈತೊಳೆದುಕೊಂಡಿದ್ದಳು.

ನನಗೆ ಆ ಪ್ಲೇಟುಗಳನ್ನು ಕಂಡರಾಗುತ್ತಿರಲಿಲ್ಲ. ಬಸ್ಸಿನ ಬಾಗಿಲಲ್ಲಿ ಒಂಟಿಗಾಲಲ್ಲಿ ನಿಂತು ಓಡಾಡಿದ್ದು ಇದಕ್ಕಲ್ಲ. ಕಣ್ಣಿಗೆ ಕಾಣುವ ಒಂದು ವಸ್ತುವಿನ ಬಗ್ಗೆ, ನನ್ನದೇ ಅನ್ನುವ ಒಂದು ಸಮೀಕರಣ ಬರೆಯಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು. ಕಣ್ಣಿಗೆ ಕಾಣುವ ವಸ್ತುವಿಗೆ ನಮ್ಮ ಮನೆಯಲ್ಲಿ ಬರವಿರಲಿಲ್ಲ. ಜನವರಿ ಬಂತೆಂದರೆ ಕಣದ ತುಂಬ ಬ್ಯಾಡಗಿ ಮೆಣಸಿನಕಾಯಿ. ಕೊಯ್ದು ತಂದ ಕಾಯಿಯೊಳಗಿನ ನೀರು ಬಿಸಿಲಿಗೆ ಯಾವ ವೇಗದಲ್ಲಿ ಹೊರಗೆ ಹೋಗುತ್ತದೆ ಎನ್ನುವುದನ್ನೇ ವಿಷಯವಾಗಿ ಆರಿಸಿಕೊಂಡೆ.

ನನ್ನ ಗೈಡ್ ಶಂಭುಲಿಂಗ ಸರ್ ಬ್ಯಾಡಗಿಯವರೇ. ಅವರ ಅಣ್ಣನದು ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ವಿಷಯ ಕೇಳಿ ಖುಷಿಪಟ್ಟರು. "ಛಲೋ ಐತಿ. ಆದ್ರ ಲೆಕ್ಕ ಕೂಡಲಿಲ್ಲಂದ್ರ ಸುಮ್ನ ಬಂದು ಪ್ಲೇಟ್ ಹಿಡೀಬೇಕು ನೋಡು. ಆಮ್ಯಾಲ ಅಳಬಾರದು," ಎಂದರು.

ಅಗಲವಾದ ಒಂದು ಪರಾತದಲ್ಲಿ ಕಾಯಿ ಹರಡಿ ಕಣದ ಮೂಲೆಯಲ್ಲಿಟ್ಟೆ. ದಿನಾ ಬೆಳಿಗ್ಗೆ ಬಸ್ಸಿಗೆ ಮುಂಚೆ ಅದನ್ನು ಹೊತ್ತುಕೊಂಡು ದಾದಾಸಾಬರ ಕಿರಾಣಿ ಅಂಗಡಿಗೆ ಹೋಗಿ ತೂಗುತ್ತಿದ್ದೆ. "ಏನವಾ, ಇವತ್ತೂ ಮಾರಂಗಿಲ್ಲೇನು?" ಎಂದು ಅವರು ನಗುತ್ತಿದ್ದರು. ನಗಲಿ ಬಿಡು ಎಂದುಕೊಂಡೆ. ಏಕೆಂದರೆ ತೂಕ ನನ್ನ ಸಮೀಕರಣ ಹೇಳಿದ ಹಾಗೇ ಇಳಿಯುತ್ತಿತ್ತು.

ಕಾಯಿ ಗರಿಗರಿಯಾಗುವ ತನಕ ಇಳಿಯಿತು. ಆಮೇಲೆ ಒಂದು ಬೆಳಿಗ್ಗೆ ಏರಿತು. ಮರುದಿನವೂ ಏರಿತು. ಸುಡುಬಿಸಿಲಲ್ಲಿ ಬಿದ್ದ ಕಾಯಿಗೆ ನೀರು ಎಲ್ಲಿಂದ ಬರಬೇಕು? ದಾದಾಸಾಬರ ತಕ್ಕಡಿ ಸರಿಯಿಲ್ಲ ಎಂದು ಅವರ ಜೊತೆ ಜಗಳವಾಡಿದೆ. ಅವರು ತೂಕದ ಕಲ್ಲು ಇಟ್ಟು ತೂಗಿ ತೋರಿಸಿದರು. ತಪ್ಪು ನನ್ನ ಗಣಿತದಲ್ಲೇ ಇರಬೇಕೆಂದು ಹಾಳೆಗಟ್ಟಲೆ ಹೊಸದಾಗಿ ಲೆಕ್ಕ ಮಾಡಿದೆ. ಲ್ಯಾಬಿನ ಒಂದೇ ಒಂದು ಒಳ್ಳೆಯ ಕಂಪ್ಯೂಟರಿನ ಮುಂದೆ ಪಾಳಿ ಹಚ್ಚಿ ಕೂತರೆ ಉತ್ತರ ಬರುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಬಂದ ಉತ್ತರವೂ ಸುಖದ್ದಲ್ಲ. ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ಹಾಗೇ ಕರೆಂಟು ಹೋದ ಒಂದು ದಿನ ಹೊತ್ತು ಮುಳುಗುವ ಮುಂಚೆಯೇ ಮನೆಗೆ ಬಂದೆ. ಕಣದಲ್ಲಿ ಅವ್ವ ಕೊಡದಿಂದ ಅಂಗೈಯಲ್ಲಿ ನೀರು ತೆಗೆದುಕೊಂಡು ಕಾಯಿಗೆ ಚಿಮುಕಿಸುತ್ತಿದ್ದಳು. ನನ್ನ ಪರಾತದ ಕಾಯಿಗೆ.

"ಅವ್ವಾ! ಏನ್ ಮಾಡಾಕತ್ತೀಯೇ?"

"ಏನ್ ಮಾಡ್ಲಿ? ಮುಟ್ಟಿದ್ರ ಮುರೀತಾವ. ಹಂಗ ಚೀಲಕ್ಕ ತುಂಬಿದ್ರ ಬೀಜ ಎಲ್ಲಾ ಉದುರಿ ಹೋಗ್ತಾವ. ಒಂದೀಟು ಮೆತ್ತಗಾಗ್ಲಿ ಅಂತ ನೀರು ಹೊಡ್ಯಾಕತ್ತೇನಿ."

"ಅದು ಗೊತ್ತೈತಿ. ನನ್ನ ಪರಾತಕ್ಕ ಯಾಕ ಹೊಡದಿ?"

"ಕಾಲೇಜಿನ ಕಾಯಿ, ಮುರದ್ರ ನಿಮ್ಮ ಮಾಸ್ತರ ಬೈತಾರಂತ ದಿನಾ ಮೊದಲು ಇವಕ್ಕ ಹೊಡದೇನಿ!" ಎಂದಳು ಅವ್ವ, ಉಪಕಾರ ಮಾಡಿದವಳ ಮುಖ ಮಾಡಿಕೊಂಡು.

ಬೈಯಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಚೀಲ ತುಂಬುವ ಮುಂಚೆ ಎಲ್ಲರೂ ಮಾಡುವ ಕೆಲಸವೇ ಅದು. ಮತ್ತೆ ಮೊದಲಿನಿಂದ ಅಳೆಯೋಣವೆಂದರೆ ಗಿಡದಲ್ಲಿ ಕಾಯಿ ಉಳಿದಿರಲಿಲ್ಲ. ವಾರದೊಳಗೆ ಅಪ್ಪ ಚೀಲಗಳನ್ನು ಬ್ಯಾಡಗಿಗೆ ಸಾಗಿಸಿದ.

ಆ ಸಿಟ್ಟಿನಲ್ಲೇ ಅವ್ವನನ್ನು ಸಮೀಕರಣದೊಳಗೆ ಎಳೆದು ತಂದೆ. ಕಾಯಿ ಗರಿಗರಿಯಾದ ಮೇಲೆ, ಕೊನೆಯ ನಾಲ್ಕು ದಿನ, ಪ್ರತಿ ಸಂಜೆ ಹೊರಗಿನಿಂದ ಒಂದಿಷ್ಟು ನೀರು ಒಮ್ಮೆಲೇ ಸೇರುತ್ತದೆ ಎಂದು ಒಂದು ಹೊಸ ಪದ ಸೇರಿಸಿದೆ. ಪುಣ್ಯಕ್ಕೆ ಆ ದಿನ ಕರೆಂಟಿತ್ತು. ಕಂಪ್ಯೂಟರಿನಲ್ಲಿ ನನ್ನ ಗೆರೆ ತೂಕದ ಗೆರೆಯ ಮೇಲೆ ಬಂದು ಕೂತುಬಿಟ್ಟಿತು. ನೀರು ಇಳಿದದ್ದೂ ಸರಿ, ಏರಿದ್ದೂ ಸರಿ. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಒಬ್ಬಳೇ ಚಪ್ಪಾಳೆ ಹೊಡೆದೆ. ಅನ್ವಯಿಕ ಗಣಿತ ಯಾತಕ್ಕೆ ಬರುತ್ತದೆ ಎಂದು ಅವತ್ತು ಯಾರಾದರೂ ಕೇಳಬೇಕಿತ್ತು.

ಶಂಭುಲಿಂಗ ಸರ್ ಗೆರೆ ನೋಡಿ "ಭಾರೀ!" ಎಂದರು. ಆಮೇಲೆ ಅದರ ಕೆಳಗಿನ ವಿವರಣೆ ಓದಿದರು. ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿ ಬಂದರು.

"ನೀರು ಹೊಡೆಯೋದು ಬರೀಬ್ಯಾಡ."

"ಯಾಕ್ರಿ ಸರ್? ಎಲ್ಲಾರಿಗೂ ಗೊತ್ತಿರೋದ ಐತಲ್ರಿ."

"ಗೊತ್ತಿರ್ಲಿ. ಅಚ್ಚಿನಾಗ ಬಂದ್ರ ಹೊರಗಿನ ಖರೀದಿದಾರ ಏನಂತಾನ? ತೂಕ ಬರ್ಲಿ ಅಂತ ಹೊಡೀತಾರ ಅಂತಾನ."

"ಮುರೀಬಾರದಂತ ಹೊಡೀತಾರ ಅಂತ ಸ್ವಚ್ಛ ಬರದೇನ್ರಿ."

"ನಮ್ಮಣ್ಣ ದಲಾಲಿ ಮಾಡಿ ಉಣ್ಣಾಂವ, ಸುಧಾರಾಣಿ. ಅವನ ತಮ್ಮನ ಸಹಿ ಇದರ ಬುಡಕ ಬ್ಯಾಡ. ಮಂಜು ಬಿತ್ತಂತ ಬರಿ."

"ಮಂಜು ಕಡೀ ನಾಕು ದಿನ ಅಷ್ಟ ಬೀಳ್ತೈತೇನ್ರಿ?"

"ಯಾರ್ ಕೇಳ್ತಾರ ಅದನ್ನ? ಬರದ್ರ ಬರಿ. ಇಲ್ಲಾಂದ್ರ ಪ್ಲೇಟ್ ಅದಾವ."

ಇಬ್ಬನಿ ಎಂದು ಬರೆದೆ. ಬರೆಯುವಾಗ ಕೈಯಲ್ಲಿದ್ದ ಪೆನ್ನು ಎರಡು ತುಂಡಾಗುವಷ್ಟು ಸಿಟ್ಟಿತ್ತು. ಆದರೂ ಉಳಿದದ್ದೆಲ್ಲ ನನ್ನದೇ ಅಲ್ಲವೇ, ಒಂದು ಶಬ್ದ ಹೋದರೆ ಹೋಗಲಿ ಎಂದು ಸಮಾಧಾನ ಮಾಡಿಕೊಂಡೆ.

ಜೂನಿನಲ್ಲಿ ಮೌಖಿಕ ಪರೀಕ್ಷೆ. ಪರೀಕ್ಷಕರು ಮೈಸೂರಿನ ಕಡೆಯವರು, ಹಿರಿಯರು. ನನ್ನ ಪ್ರಾಜೆಕ್ಟನ್ನು ನಿಜವಾಗಿಯೂ ಓದಿಕೊಂಡು ಬಂದಿದ್ದರು. ನಮ್ಮ ವಿಭಾಗದಲ್ಲಿ ಹಾಗೆ ಓದಿದ ಮೊದಲಿಗರು ಅವರೇ ಇರಬೇಕು.

"ಇಬ್ಬನಿ ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪ ಬೀಳುತ್ತೆ ಅಲ್ವೇನಮ್ಮ? ನಿಮ್ಮ ಸಮೀಕರಣದಲ್ಲಿ ಸಂಜೆ ಒಂದೇ ಸಲಕ್ಕೆ ಬಿದ್ದಿದೆ. ಅದೂ ಕೊನೆಯ ನಾಲ್ಕು ದಿನ. ಅದಕ್ಕೆ ಮುಂಚೆ ನಿಮ್ಮೂರಲ್ಲಿ ಇಬ್ಬನಿ ಇರಲಿಲ್ವೆ?"

ನಾನು ಅವರ ಪಕ್ಕದಲ್ಲಿ ಕೂತಿದ್ದ ಶಂಭುಲಿಂಗ ಸರ್ ಕಡೆ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು.

"ಲೆಕ್ಕ ಕೂಡಲಿಲ್ಲ ಅಂತ ಒಂದು ಪದ ತಂದು ತುರುಕಿದ್ದೀರಿ," ಎಂದರು ಪರೀಕ್ಷಕರು. "ತಪ್ಪು ಬಂದಿದ್ರೆ ಕ್ಷಮಿಸಬಹುದಿತ್ತು. ಇದು ಕಟ್ಟುಕತೆ."

ನನಗೆ ತಡೆಯಲಾಗಲಿಲ್ಲ. "ಅದು ಇಬ್ಬನಿ ಅಲ್ಲ ಸರ್. ನಮ್ಮ ಅವ್ವ ಸಂಜೆ ನೀರು ಹೊಡೆದಿದ್ದಳು. ಒಣಗಿದ ಮೇಲೆ ಕಾಯಿ ಮುರಿಯಬಾರದು ಅಂತ ನಮ್ಮ ಕಡೆ ಎಲ್ಲರೂ ಹೊಡೆಯುತ್ತಾರೆ," ಎಂದೆ.

ಅವರಿಗೆ ನಗು ಬಂತು. "ಒಣಗೋಕೆ ಹಾಕಿದ್ದಕ್ಕೆ ನೀರು ಹಾಕ್ತಾರಾ?" ಎಂದವರು ಶಂಭುಲಿಂಗ ಸರ್ ಕಡೆ ತಿರುಗಿದರು. "ನೀವು ಬ್ಯಾಡಗಿಯವರೇ ಅಲ್ವೆ? ಹೀಗೂ ಉಂಟಾ?"

ಸರ್ ಹೌದು ಎಂದರೆ ಸಾಕಿತ್ತು. ಆ ಗೆರೆ ಮತ್ತೆ ನನ್ನದಾಗುತ್ತಿತ್ತು.

"ನಾ ಅಂತೂ ಎಲ್ಲೂ ನೋಡಿಲ್ರಿ," ಎಂದರು ಶಂಭುಲಿಂಗ ಸರ್.

ಪರೀಕ್ಷಕರು ತಲೆ ಅಲ್ಲಾಡಿಸಿ ಏನೋ ಬರೆದುಕೊಂಡು, "ಪಾಸು ಮಾಡ್ತೀನಿ, ಹೋಗಿ," ಎಂದರು. ಎದ್ದು ಹೊರಗೆ ಬಂದೆ. ಹಿಂದೆಯೇ ಶಂಭುಲಿಂಗ ಸರ್ ಬಂದು ದನಿ ತಗ್ಗಿಸಿದರು.

"ತಪ್ಪು ತಿಳ್ಕೋಬ್ಯಾಡ. ನಿನ್ನ ಗಣಿತ ಖರೇ ಐತಿ. ಇಷ್ಟು ಛಲೋ ಪ್ರಾಜೆಕ್ಟ್ ನಾ ಇಲ್ಲಿ ನೋಡಿಲ್ಲ."

"ಅದನ್ನ ಒಳಗ ಹೋಗಿ ಹೇಳ್ರಿ ಸರ್," ಎಂದೆ.

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೇಳಿಯಾರೇನೋ ಎಂದು ನಾನು ಬಾಗಿಲಿಗೆ ಕಿವಿಗೊಟ್ಟು ನಿಂತೆ. ಒಳಗಿನಿಂದ ಶಂಭುಲಿಂಗ ಸರ್ ಮುಂದಿನ ವಿದ್ಯಾರ್ಥಿಯ ಹೆಸರು ಕರೆದದ್ದು ಕೇಳಿಸಿತು.