ಅಂಗಾತ ಬಿದ್ದ ಆಮೆಯನ್ನು ಎತ್ತಿದವರು

ಧೊಪ್ಪನ ಸಿನಿಮಾ ಮಾಡಲು ಬೇರೆ ಯಾರೂ ಒಪ್ಪದಿದ್ದಾಗ ಆ ಕೆಲಸ ಚಿತ್ರಗಾರ್ತಿಯ ತಲೆಗೆ ಬಂತು.

ಧೊಪ್ಪ ಒಂದು ಆಮೆ. ಮೂರು ವರ್ಷದ ಹಿಂದೆ ಅದೇ ಸ್ಟುಡಿಯೋ ಮಾಡಿದ್ದ ಕಾರ್ಟೂನ್ ಸಿನಿಮಾದಲ್ಲಿ ಅದು ರಾಜಕುಮಾರನ ಗಂಟುಮೂಟೆ ಹೊತ್ತು ಹಿಂದೆ ಹಿಂದೆ ಓಡುತ್ತಿತ್ತು, ಎಡವುತ್ತಿತ್ತು, ಧೊಪ್ಪೆಂದು ಅಂಗಾತ ಬೀಳುತ್ತಿತ್ತು. ರಾಜಕುಮಾರ ರಾಕ್ಷಸನನ್ನು ಕೊಂದದ್ದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಮಕ್ಕಳು ಮನೆಗೆ ಹೋಗಿ ಹಾಸಿಗೆಯ ಮೇಲೆ ಅಂಗಾತ ಬಿದ್ದು ಕೈಕಾಲು ಬಡಿಯುವ ಆಟ ಆಡಿದರು. ಸ್ಟುಡಿಯೋದ ಮಾಲೀಕರನ್ನು ಎಲ್ಲರೂ ಅವರ ಬೆನ್ನ ಹಿಂದೆ ಧಣಿ ಎನ್ನುತ್ತಿದ್ದರು. ಆ ಧಣಿಗೆ ಈ ಸುದ್ದಿ ಮುಟ್ಟಿ, ಧೊಪ್ಪನನ್ನೇ ನಾಯಕನನ್ನಾಗಿ ಮಾಡಿ ಎರಡನೇ ಭಾಗ ತೆಗೆಯುವ ಯೋಚನೆ ಬಂತು. ಥಿಯೇಟರಿಗಲ್ಲ, ನೇರವಾಗಿ ಡಿವಿಡಿಗೆ. ಒಂದು ಗಂಟೆಯ ಸಿನಿಮಾ, ಐದು ತಿಂಗಳ ಗಡುವು.

ಹೆಸರು ಮಾಡಿದ ನಿರ್ದೇಶಕರೆಲ್ಲ ಮೂಗು ಮುರಿದರು. ಚಿತ್ರಗಾರ್ತಿ ಹದಿನೆಂಟು ವರ್ಷದಿಂದ ಆ ಕಟ್ಟಡದ ಎರಡನೇ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕುಳಿತು ನಡುಚಿತ್ರಗಳನ್ನು ಬರೆಯುತ್ತಿದ್ದವಳು. ಹಿರಿಯ ಕಲಾವಿದರು ಕೈ ಮೇಲೆತ್ತಿದ ಒಂದು ಚಿತ್ರ, ಕೈ ಕೆಳಗಿಳಿದ ಒಂದು ಚಿತ್ರ ಬರೆದು ಕೊಡುತ್ತಿದ್ದರು. ಆ ಎರಡರ ನಡುವೆ ಕೈ ಇಳಿಯುತ್ತಾ ಬರುವ ಹತ್ತು ಹನ್ನೆರಡು ಚಿತ್ರಗಳು ಅವಳ ಪಾಲು. ಧಣಿ ಕರೆದು ಕೇಳಿದಾಗ ಅವಳು ಯೋಚಿಸಲು ಒಂದು ದಿನ ಕೇಳಲಿಲ್ಲ. ಕೇಳಿದರೆ ಧೈರ್ಯ ಉಡುಗಿಹೋದೀತು ಎಂದು ಅಲ್ಲೇ ಹೂಂ ಅಂದುಬಿಟ್ಟಳು.

ಧಣಿ ಕೊಟ್ಟ ಕಥೆಯಲ್ಲಿ ರಾಜಕುಮಾರನನ್ನು ಯಾರೋ ಕದ್ದೊಯ್ಯುತ್ತಾರೆ, ಧೊಪ್ಪ ಬಿಡಿಸಿಕೊಂಡು ಬರುತ್ತಾನೆ. ದಾರಿಯುದ್ದಕ್ಕೂ ನಲವತ್ತು ಸಲ ಬೀಳುತ್ತಾನೆ.

"ನಲವತ್ತು ಜಾಸ್ತಿ ಆಗಲ್ವಾ ಸರ್?"

"ಜನ ದುಡ್ಡು ಕೊಡೋದೇ ಅದಕ್ಕಮ್ಮಾ. ಬೀಳಿಸು, ನಗಿಸು, ಮುಗಿಸು."

ಧೊಪ್ಪನಿಗೆ ದನಿ ಕೊಟ್ಟವರು ನಾಟಕದ ಹಳೆಯ ಹಾಸ್ಯನಟರು. ವಯಸ್ಸು ಅರವತ್ತೈದು ದಾಟಿತ್ತು. ಸ್ಟುಡಿಯೋದಲ್ಲಿ ಎಲ್ಲರಿಗೂ ಅವರು ಅಣ್ಣ. ಧ್ವನಿಮುದ್ರಣದ ಮೊದಲ ದಿನ ಅವರು ಹೊಸ ಬಟ್ಟೆ ತೊಟ್ಟು, ಕೂದಲಿಗೆ ಬಣ್ಣ ಹಚ್ಚಿ, ಹೆಂಡತಿಯನ್ನೂ ಕರೆದುಕೊಂಡು ಬಂದರು. ಎಲ್ಲರೂ ಅತ್ತಿಗೆ ಎನ್ನುತ್ತಿದ್ದ ಅವರಿಗೆ ಮಂಡಿನೋವು. ಮೆಟ್ಟಿಲು ಹತ್ತಿ ಬಂದು ಉಸ್ಸಪ್ಪಾ ಎಂದು ಗಾಜಿನ ಗೋಡೆಯ ಈಚೆಗೆ, ಧ್ವನಿಯಂತ್ರಗಳ ಪಕ್ಕದ ಕುರ್ಚಿಯಲ್ಲಿ ಕುಳಿತರು.

ಅಣ್ಣ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ನಾನು ಬರುತ್ತಿದ್ದೇನೆ, ರಾಜಕುಮಾರ!" ಎಂದರು. ಬಾವಿಯ ತಳದಿಂದ ಬಂದಂಥ ಗಡಸು ದನಿ. ಅದು ಧೊಪ್ಪನ ದನಿಯಾಗಿರಲಿಲ್ಲ.

ಚಿತ್ರಗಾರ್ತಿ ಇನ್ನೊಮ್ಮೆ ಹೇಳಿಸಿದಳು. ಮತ್ತೂ ಗಡಸಾಯಿತು.

"ಅಣ್ಣಾ, ಆ ಹಳೇ ಧೊಪ್ಪ ಇದ್ನಲ್ಲ, ಅವನ ಹಾಗೆ..."

"ಅವನು ಆಗ ಆಳು ಕಣಮ್ಮಾ. ಈಗ ಹೀರೋ." ಅಣ್ಣ ನಕ್ಕರೂ ಕಣ್ಣು ನಗಲಿಲ್ಲ. "ನಲವತ್ತು ವರ್ಷ ಹೀರೋ ಪಕ್ಕದಲ್ಲಿ ನಿಂತೋನು ನಾನು. ಒಂದು ಸಲ ಆದ್ರೂ ಹಾಗೆ ಮಾತಾಡೋಣ ಅಂತ."

ಚಿತ್ರಗಾರ್ತಿ ಆ ದಿನದ ಮುದ್ರಣ ನಿಲ್ಲಿಸಿ, ಮೊದಲ ಸಿನಿಮಾದಲ್ಲಿ ಧೊಪ್ಪ ಬರುವ ದೃಶ್ಯಗಳನ್ನಷ್ಟೇ ಆರಿಸಿ ಟಿವಿಯಲ್ಲಿ ಹಾಕಿದಳು. ಹಳೆಯ ದನಿಯನ್ನು ಕೇಳಿದರೆ ಅಣ್ಣನಿಗೇ ನೆನಪಾದೀತು ಎಂಬ ಆಸೆ. ಧೊಪ್ಪ ಸೇತುವೆಯ ಮೇಲೆ ಬಿದ್ದ, ಸಂತೆಯಲ್ಲಿ ಬಿದ್ದ, ಹೊಳೆಯ ದಂಡೆಯಲ್ಲಿ ಬಿದ್ದ. ಧ್ವನಿಯಂತ್ರದವನು ಬಿದ್ದು ಬಿದ್ದು ನಕ್ಕ. ಅಣ್ಣ ನಗುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿದರು.

"ಸ್ವಲ್ಪ ಹಿಂದಕ್ಕೆ ಹಾಕಮ್ಮಾ. ಇಲ್ಲಿ ನೋಡು, ಅಂಗಾತ ಬಿದ್ದಿದ್ದೀನಿ. ಮುಂದಿನ ದೃಶ್ಯದಲ್ಲಿ ನಾಲ್ಕು ಕಾಲಲ್ಲಿ ಓಡ್ತಿದ್ದೀನಿ. ನಡುವೆ ಏನಾಯ್ತು?"

"ನಡುವೆ ಏನಿಲ್ಲ ಅಣ್ಣಾ. ದೃಶ್ಯ ಬದಲಾಗುತ್ತೆ ಅಷ್ಟೆ."

"ಅಂಗಾತ ಬಿದ್ದ ಆಮೆ ತಾನಾಗಿ ಏಳೋದು ಅಷ್ಟು ಸುಲಭಾನಾ? ಯಾರು ಎತ್ತಿದ್ರು ನನ್ನ?"

ಆ ಸಿನಿಮಾದ ನಡುಚಿತ್ರಗಳಲ್ಲಿ ಅರ್ಧದಷ್ಟು ಚಿತ್ರಗಾರ್ತಿಯೇ ಬರೆದದ್ದು. ಬೀಳುವ ಪ್ರತಿಯೊಂದು ರೇಖೆಯೂ ಅವಳ ಕೈಗೆ ಗೊತ್ತಿತ್ತು. ಏಳುವುದನ್ನು ಬರೆಯಲು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಹದಿನೆಂಟು ವರ್ಷ ನಡುವಿನದ್ದನ್ನೇ ಬರೆದವಳಿಗೆ ಈ ನಡುವಿನದ್ದೊಂದು ಕಣ್ಣಿಗೇ ಬಿದ್ದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಜೊತೆಗೆ ಮೈಯಲ್ಲಿ ಸಣ್ಣದೊಂದು ಪುಳಕ.

ಎರಡು ದಿನ ಕೂತು ಹೊಸ ಕಥೆ ಬರೆದಳು. ಯುದ್ಧ ಮುಗಿದಿದೆ, ರಾಜಕುಮಾರ ಅರಮನೆಯಲ್ಲಿ ಸುಖವಾಗಿದ್ದಾನೆ. ಧೊಪ್ಪ ಒಬ್ಬನೇ ಬಂದ ದಾರಿಯಲ್ಲೇ ವಾಪಸ್ಸು ಹೊರಡುತ್ತಾನೆ, ತಾನು ಬಿದ್ದಲ್ಲೆಲ್ಲ ತನ್ನನ್ನು ಎತ್ತಿ ನಿಲ್ಲಿಸಿದವರು ಯಾರೆಂದು ಹುಡುಕಲು. ಅವತ್ತು ಅವಸರದಲ್ಲಿ ಒಬ್ಬರ ಮುಖವನ್ನೂ ನೋಡಿರಲಿಲ್ಲ.

ಧಣಿ ಹಾಳೆಗಳನ್ನು ತಿರುವಿ ಹಾಕಿ ಹುಬ್ಬು ಗಂಟಿಕ್ಕಿದರು. "ರಾಕ್ಷಸ ಎಲ್ಲಿ?"

"ಇಲ್ಲ ಸರ್."

"ಹೊಡೆದಾಟ?"

"ಇಲ್ಲ. ಆದ್ರೆ ಸೇತುವೆ, ಸಂತೆ, ಹೊಳೆ ಎಲ್ಲಾ ಹಳೇ ಸಿನಿಮಾದ್ದೇ. ಹಿನ್ನೆಲೆ ಚಿತ್ರ ಒಂದೂ ಹೊಸದಾಗಿ ಬರೆಸಬೇಕಾಗಿಲ್ಲ. ಅಟ್ಟದ ಮೇಲಿನ ಕಪಾಟಲ್ಲಿ ಎಲ್ಲಾ ಹಾಗೇ ಇವೆ."

ಧಣಿಯ ಹುಬ್ಬು ನಿಧಾನವಾಗಿ ಸಡಿಲವಾಯಿತು. "ಇದನ್ನ ಮೊದಲೇ ಹೇಳ್ಬಾರ್ದಿತ್ತೇನಮ್ಮಾ? ಆದ್ರೆ ಒಂದು ಹತ್ತು ಸಲನಾದ್ರೂ ಬೀಳ್ಲಿ."

"ಹನ್ನೊಂದು ಸಲ ಬೀಳ್ತಾನೆ ಸರ್. ಹನ್ನೊಂದು ಸಲಾನೂ ಏಳ್ತಾನೆ."

ಅಣ್ಣ ಹೊಸ ಕಥೆಯನ್ನು ಮೈಕಿನ ಮುಂದೆ ನಿಂತೇ ಓದಿದರು. ಆಮೇಲೆ ಬಾಯಿ ತೆರೆದಾಗ ಬಂದದ್ದು ಹಳೆಯ ಧೊಪ್ಪನ ದನಿ. ಅದೇ ಕೀರಲು, ಅದೇ ಏದುಸಿರು. ಆದರೆ ಅವರು ಈಗ ನಗಿಸಲು ಒದ್ದಾಡುತ್ತಿರಲಿಲ್ಲ. "ಸ್ವಾಮೀ, ಹೋದ ವರ್ಷ ಇಲ್ಲೊಂದು ಆಮೆ ಬಿದ್ದಿತ್ತು, ನೀವೇನಾದ್ರೂ ನೋಡಿದ್ರಾ?" ಎಂದು ಧೊಪ್ಪ ಸೇತುವೆಯ ಇರುವೆಗಳನ್ನು ಕೇಳುವ ಮಾತಿಗೆ ಧ್ವನಿಯಂತ್ರದವನು ನಕ್ಕು, ತಕ್ಷಣ ಮುಖ ತಿರುಗಿಸಿ ಮೂಗು ಒರೆಸಿಕೊಂಡ.

ಕೊನೆಯ ದೃಶ್ಯಕ್ಕೆ ತೊಡಕು ಎದುರಾಯಿತು. ಹೊಳೆಯ ದಂಡೆಯಲ್ಲಿ ಧೊಪ್ಪನನ್ನು ಎತ್ತಿದವಳು ಒಬ್ಬ ಮುದುಕಿ ಏಡಿ. ಅವನು ಹುಡುಕಿಕೊಂಡು ಬಂದು ಅವಳ ಮನೆಯ ಮುಂದೆಯೇ ಮತ್ತೆ ಬೀಳುತ್ತಾನೆ. ಏಡಿಯ ಮಾತಿಗೆ ಗೊತ್ತುಮಾಡಿದ್ದ ನಟಿ ಜ್ವರವೆಂದು ಫೋನು ಮಾಡಿದಳು. ಮರುದಿನದಿಂದ ಆ ಕೋಣೆ ಬೇರೆಯವರಿಗೆ ಹೋಗುತ್ತಿತ್ತು.

ಚಿತ್ರಗಾರ್ತಿ ಕುರ್ಚಿಯ ಕಡೆ ತಿರುಗಿದಳು. "ಅತ್ತಿಗೆ, ನೀವು ಹೇಳ್ತೀರಾ?"

"ಅಯ್ಯೋ, ನಾನಾ? ನನಗೆ ನಾಟಕ ಗೀಟಕ ಬರಲ್ಲಮ್ಮಾ. ಇವರ ನಾಟಕ ನೋಡೋಕೂ ಹೋದೋಳಲ್ಲ ನಾನು."

"ಒಂದೂ ನೋಡಿಲ್ವಾ?"

"ಮದುವೆ ಆದ ಹೊಸದರಲ್ಲಿ ಒಂದು ನೋಡಿದೆ. ಇವರು ಮೆಟ್ಟಿಲಿಂದ ಉರುಳಿಬಿದ್ರು, ಮಂದಿಯೆಲ್ಲ ಚಪ್ಪಾಳೆ ಹೊಡೆದ್ರು. ಆಮೇಲೆ ಹೋಗಲೇ ಇಲ್ಲ. ಮನೆಗೆ ಬಂದ್ಮೇಲೆ ಆ ಬೆನ್ನಿಗೆ ಬಿಸಿನೀರಿನ ಶಾಖ ಕೊಡೋಳು ನಾನೇ ತಾನೆ?"

ಅಣ್ಣ ಗಾಜಿನಾಚೆ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ಇದನ್ನೆಲ್ಲ ಕೇಳುತ್ತಿದ್ದರು. ನಲವತ್ತು ವರ್ಷದಲ್ಲಿ ಅವರು ಇದನ್ನು ಕೇಳುತ್ತಿದ್ದುದು ಇದೇ ಮೊದಲು. ನಾಟಕವೆಂದರೆ ಅವಳಿಗೆ ಆಗಿಬರುವುದಿಲ್ಲ ಎಂದಷ್ಟೇ ಅವರು ತಿಳಿದಿದ್ದರು.

"ಬಾರೇ ಇವಳೇ," ಎಂದರು ಮೆಲ್ಲಗೆ. "ಒಂದೇ ಮಾತು."

ಅತ್ತಿಗೆ ಗೊಣಗುತ್ತಾ ಒಳಗೆ ಹೋದರು. ಹಾಳೆಯಲ್ಲಿ ಬರೆದಿದ್ದದ್ದು "ಓ ಪ್ರಯಾಣಿಕನೇ, ಮೇಲೇಳು" ಎಂದು. ಅದನ್ನು ಮೂರು ಸಲ ಓದಿದರು, ಮೂರು ಸಲವೂ ಒಂದೊಂದೇ ಪದ ಬಿಡಿಬಿಡಿಯಾಗಿ ಉದುರಿತು. ನಾಲ್ಕನೇ ಸಲಕ್ಕೆ ಅಣ್ಣ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡರು. ಮೊದಲು ಧೊಪ್ಪ ಬೀಳುವ ಸದ್ದನ್ನು ಮಾಡಿದರು. ಬಳಿಕ ನರಳಿದರು. ಹುಸಿ ನರಳಾಟವೋ ನಿಜವಾದದ್ದೋ ಹೊರಗಿದ್ದವರಿಗೆ ತಿಳಿಯಲಿಲ್ಲ.

"ಮತ್ತೆ ಬಿದ್ರಾ?" ಎಂದರು ಅತ್ತಿಗೆ. "ಎಷ್ಟು ಸಲ ಹೇಳೋದ್ರೀ ನಿಮಗೆ, ನೋಡ್ಕೊಂಡು ನಡೀರಿ ಅಂತ. ಏಳಿ, ಏಳಿ. ನನ್ನ ಹಿಡ್ಕೊಳ್ಳಿ. ಹಾಂ. ನೋವಾಯ್ತಾ?"

ಧೊಪ್ಪ ಹೇಳಬೇಕಾದ ಉತ್ತರ ಹಾಳೆಯಲ್ಲಿ ಇರಲಿಲ್ಲ. ಅಣ್ಣ ಹೆಂಡತಿಯ ಕಡೆ ತಿರುಗಿ, "ಹೂಂ ಕಣೇ. ಆಯ್ತು," ಎಂದರು.

ಚಿತ್ರಗಾರ್ತಿ ಯಂತ್ರ ನಿಲ್ಲಿಸಲು ಸನ್ನೆ ಮಾಡಿದಳು. ಆ ಮಾತುಗಳಿಗೆ ಬೇಕಾದ ಚಿತ್ರಗಳನ್ನು ಅವಳು ಯಾರ ಕೈಗೂ ಬಿಡಲಿಲ್ಲ. ಆಮೆಯ ಒಂದು ಅಂಚು ಮೇಲೇಳುವುದು, ಏಡಿ ಇಕ್ಕಳದಂಥ ಕೊಂಬನ್ನು ಊರಿ ಹೆಗಲು ಕೊಡುವುದು, ಇಬ್ಬರೂ ಒಂದು ಕ್ಷಣ ಬೀಳುವಂತಾಗಿ ನಿಲ್ಲುವುದು. ಎಲ್ಲ ಸೇರಿ ನೂರ ಹದಿನಾಲ್ಕು ಚಿತ್ರ. ಒಂಬತ್ತು ದಿನ ಅಡಿಯಿಂದ ಬೆಳಕು ಬರುವ ಗಾಜಿನ ಮೇಜಿನ ಮುಂದೆ ಕತ್ತು ಬಗ್ಗಿಸಿ ಒಬ್ಬಳೇ ಬರೆದಳು.

ಡಿವಿಡಿ ಸದ್ದುಗದ್ದಲವಿಲ್ಲದೆ ಬಂತು. ಡಬ್ಬಿಯ ಮೇಲೆ ಕತ್ತಿ ಹಿಡಿದ ರಾಜಕುಮಾರನೇ ದೊಡ್ಡದಾಗಿದ್ದ, ಧೊಪ್ಪ ಮೂಲೆಯಲ್ಲಿದ್ದ. ಸಿನಿಮಾದಲ್ಲಿ ರಾಜಕುಮಾರ ಬರುವುದು ಅರ್ಧ ನಿಮಿಷ. ಪತ್ರಿಕೆಗಳಲ್ಲಿ ಒಂದು ಸಾಲೂ ಬರಲಿಲ್ಲ. ಬಸ್ ನಿಲ್ದಾಣದ ಅಂಗಡಿಗಳಲ್ಲಿ, ಸೋಪು ಪೌಡರಿನ ಪಕ್ಕದ ಕಪಾಟುಗಳಲ್ಲಿ ಅದು ತನ್ನ ಪಾಡಿಗೆ ಖರ್ಚಾಗುತ್ತಾ ಹೋಯಿತು. ಎರಡು ಸಲ ಮರುಮುದ್ರಣವಾಯಿತು. ಅಂಗಡಿಯವರು ಧಣಿಗೆ ಹೇಳಿದ್ದು ಒಂದೇ ಮಾತು: ಮಕ್ಕಳು ಈಗ ಬೀಳುವ ಆಟದಲ್ಲಿ ಇಬ್ಬರಾಗಿದ್ದಾರಂತೆ. ಒಬ್ಬ ಬೀಳುವುದು, ಇನ್ನೊಬ್ಬ ಓಡಿಬಂದು "ಮತ್ತೆ ಬಿದ್ರಾ?" ಎಂದು ಎತ್ತುವುದು. ಏಡಿಯಾಗುವುದಕ್ಕೇ ಜಗಳವಂತೆ.

ಧಣಿ ಚಿತ್ರಗಾರ್ತಿಯನ್ನು ಕರೆಸಿದರು. "ಆ ಏಡಿ ಅಜ್ಜಿ ಯಾರಮ್ಮಾ? ಅವರದ್ದೇ ಒಂದು ಮಾಡು. ಕಥೆ ನಿನ್ನಿಷ್ಟ. ಈ ಸಲ ಡಬ್ಬಿ ಮೇಲೂ ಅವರೇ ಇರ್ಲಿ."

ಮರುವಾರ ಅತ್ತಿಗೆ ಸ್ಟುಡಿಯೋಗೆ ಬಂದರು. ಅಣ್ಣ ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸಿದರು, ಗಾಜಿನೀಚೆಯ ಕುರ್ಚಿಯಲ್ಲಿ ಈಗ ತಾವು ಕುಳಿತರು. ಚಿತ್ರಗಾರ್ತಿ ಪೆನ್ಸಿಲು ಚೂಪು ಮಾಡಿಕೊಂಡು, ಹೊಸ ಪುಸ್ತಕದ ಮೊದಲ ಹಾಳೆ ತೆರೆದು ಮೊಗಸಾಲೆಯಲ್ಲಿ ನಿಂತಳು.

"ಮಾತು ಆಮೇಲೆ ಅತ್ತಿಗೆ. ಮೊದಲು ಈ ತುದಿಯಿಂದ ಆ ತುದಿಗೆ ಒಂದು ಸಲ ನಡೀರಿ, ನೋಡ್ತೀನಿ."

"ಹ್ಯಾಗೆ ನಡೀಲಿ? ಏಡಿ ಥರಾನಾ?"

"ನಿಮ್ಮ ಥರಾನೇ. ಅಂಗಡಿಗೆ ಹೊರಟಿದ್ದೀರಿ ಅಂದ್ಕೊಳ್ಳಿ."

ಅತ್ತಿಗೆ ಮಂಡಿಯ ಮೇಲೆ ಕೈಯಿಟ್ಟು, ಒಂದು ಪಕ್ಕಕ್ಕೆ ವಾಲಿಕೊಂಡು, ಯಾವ ಅವಸರವೂ ಇಲ್ಲದೆ ಹೊರಟರು.